ಈಬೇ ಹರಾಜಿನಲ್ಲಿ ಹೊರದೇಶದವರಿಂದ ಹಳೆ ಲೆನ್ಸ್ ಕೊಳ್ಳಬಹುದಾ? ಬಿಡ್ ಹಾಕುವ ಮುಂಚೆ ಏನೇನು ನೋಡಬೇಕು?

ನೀವು ಕೇಳಿದ್ದು ಇಷ್ಟು: ಈಬೇಯಲ್ಲಿ ಒಂದು ಹೀಲಿಯೋಸ್ 44-2 ಲೆನ್ಸ್ ಹರಾಜಿಗಿದೆ. ಸದ್ಯ 12 ಡಾಲರ್‌ನಲ್ಲಿ ನಿಂತಿದೆ, ಶಿಪ್ಪಿಂಗ್ 22 ಡಾಲರ್, ಮಾರುವವರು ಯುರೋಪಿನವರು, ಮುಗಿಯೋಕೆ ಇನ್ನೂ ಎರಡು ದಿನ ಇದೆ. ಇಷ್ಟು ಅಗ್ಗಕ್ಕೆ ಸಿಗುತ್ತಾ, ಮೋಸ ಹೋಗದೆ ಕೊಳ್ಳೋದು ಹೇಗೆ?

ಕೊಳ್ಳಬಹುದು. ನಾನು ಶಿರಸಿ ಹತ್ತಿರದ ಹಳ್ಳಿಯವನು. ಹತ್ತು ವರ್ಷಕ್ಕೂ ಜಾಸ್ತಿಯಿಂದ ಹೀಗೆ ಹಳೆ ಲೆನ್ಸ್ ತರಿಸುತ್ತಿದ್ದೇನೆ. ಒಳ್ಳೆಯವೂ ಬಂದಿವೆ, ಕೈ ಸುಟ್ಟುಕೊಂಡಿದ್ದೂ ಇದೆ. ಆದರೆ ಆ 12 ಡಾಲರ್ ಅನ್ನೋದನ್ನು ಮೊದಲು ತಲೆಯಿಂದ ತೆಗೆದುಹಾಕಿ. ನೀವು ನೋಡಬೇಕಾದ್ದು ಒಂದೇ ಬೆಲೆ: ಸಾಮಾನು ಮನೆ ಮುಟ್ಟುವ ಹೊತ್ತಿಗೆ ಎಷ್ಟಾಗುತ್ತೆ ಅನ್ನೋದು.

ಮೊದಲು ಈಬೇ ಇಂಡಿಯಾ ಅಂತಲೇ ಬೇರೆ ಸೈಟ್ ಇತ್ತು. 2018ರ ಆಗಸ್ಟ್‌ನಲ್ಲಿ ಅದು ಮುಚ್ಚಿತು. ಈಗ ನಾವು ಕೊಳ್ಳೋದೆಲ್ಲ ಹೊರಗಿನ ಸೈಟಿನಿಂದ. ಅಂದರೆ ನೀವು ತರಿಸುವ ಒಂದೊಂದು ಡಬ್ಬವೂ ಸರ್ಕಾರದ ಲೆಕ್ಕದಲ್ಲಿ ಆಮದು. ಕಸ್ಟಮ್ಸ್ ಸುಂಕ ಬೀಳುತ್ತೆ. ಸುಂಕ ಹಾಕೋದು ಬರೀ ಸಾಮಾನಿನ ಬೆಲೆ ಮೇಲಲ್ಲ. ಶಿಪ್ಪಿಂಗ್ ಮತ್ತು ಇನ್ಶೂರೆನ್ಸ್ ಸೇರಿಸಿ ಬಂದ ಮೊತ್ತದ ಮೇಲೆ. ಆ ಸುಂಕವನ್ನೂ ಕೂಡಿಸಿ, ಅದರ ಮೇಲೆ ಮತ್ತೆ ಐಜಿಎಸ್‌ಟಿ, ಅಂದರೆ ಆಮದಿನ ಮೇಲೆ ಬೀಳುವ ಜಿಎಸ್‌ಟಿ. ಕೆಲವು ವರ್ಷಗಳ ಹಿಂದೆ ಕೊರಿಯರ್‌ನಲ್ಲಿ ತರಿಸಿದ ಗೆಳೆಯರೊಬ್ಬರಿಗೆ 35% ಸುಂಕ, ಆ ಸುಂಕದ 10% ಸರ್‌ಚಾರ್ಜ್, ಎಲ್ಲದರ ಮೇಲೆ 28% ಐಜಿಎಸ್‌ಟಿ ಬಿತ್ತು. ಕೂಡಿಸಿದರೆ 66.5 ಅನ್ನಿಸುತ್ತೆ ಅಲ್ವಾ? ಆದರೆ ತೆರಿಗೆ ಮೇಲೆ ತೆರಿಗೆ ಕೂತು ಅದು 77.28% ಆಗುತ್ತೆ. ಈ ದರಗಳು ಬದಲಾಗುತ್ತಲೇ ಇರುತ್ತವೆ. ಹಳೆಯ ಲೇಖನ, ಹಳೆಯ ವಿಡಿಯೋ ನೋಡಿ ಲೆಕ್ಕ ಹಾಕಬೇಡಿ. ಬಿಡ್ ಹಾಕುವ ವಾರ ದರ ಎಷ್ಟಿದೆ ಅಂತ ನೋಡಿಕೊಳ್ಳಿ.

ನನ್ನದೇ ಒಂದು ಲೆಕ್ಕ ಕೊಡುತ್ತೇನೆ. ಡಾಲರ್ 70 ರೂಪಾಯಿ ಇದ್ದಾಗ ಜಪಾನಿನಿಂದ ಸೂಪರ್ ಟಾಕುಮಾರ್ 50 ಎಂಎಂ ಅನ್ನುವ ಒಂದು ಹಳೆ ಲೆನ್ಸ್ ತರಿಸಿದೆ. ಹರಾಜಿನಲ್ಲಿ 62 ಡಾಲರ್‌ಗೆ ನಿಂತಿತು, ಅಂದರೆ 4,340 ರೂಪಾಯಿ. ಶಿಪ್ಪಿಂಗ್ 24 ಡಾಲರ್ ಸೇರಿ 6,020. ಬ್ಯಾಂಕಿನವರು ಕಾರ್ಡ್ ಮೇಲೆ 3.5% ವಿದೇಶಿ ವಿನಿಮಯದ ಶುಲ್ಕ, ಅದಕ್ಕೆ ಜಿಎಸ್‌ಟಿ ಅಂತ ಸುಮಾರು 250 ಹಿಡಿದರು. ಮೂರು ವಾರ ಬಿಟ್ಟು ಪೋಸ್ಟ್‌ಮ್ಯಾನ್ ಅಂಗಳಕ್ಕೆ ಬಂದು, ಡಬ್ಬವನ್ನು ಕಂಕುಳಲ್ಲೇ ಇಟ್ಟುಕೊಂಡು, "ಎರಡೂವರೆ ಸಾವಿರ ಕೊಡಬೇಕಲ್ಲ ಮಾರಾಯ್ರೆ" ಅಂದರು. ಚೀಟಿ ನೋಡಿದೆ. ಆಗ ಅಂಚೆಯಲ್ಲಿ ಬಂದ ಆ ಪಾರ್ಸೆಲ್‌ಗೆ ಸುಮಾರು 42% ಹಾಕಿದ್ದರು, 2,533 ರೂಪಾಯಿ. ಒಟ್ಟು 8,800 ದಾಟಿತು. ತೆರೆ ಮೇಲೆ ಕಂಡ 4,340, ಮನೆ ಮುಟ್ಟುವ ಹೊತ್ತಿಗೆ ಎರಡು ಪಟ್ಟು.

ಆದರೆ ಆ ದಿನ ನನಗೆ ಗಾಬರಿ ಆಗಲಿಲ್ಲ. ಯಾಕೆಂದರೆ ಲೆಕ್ಕವನ್ನು ಹಿಂದಿನಿಂದ ಶುರು ಮಾಡಿದ್ದೆ. ಆ ಲೆನ್ಸಿಗೆ ನಾನು ಕೊಡಬಹುದಾದ್ದು ಹೆಚ್ಚೆಂದರೆ 9,500 ಅಂತ ಮೊದಲೇ ಬರೆದಿಟ್ಟುಕೊಂಡಿದ್ದೆ. ಸುಂಕ, ಕಾರ್ಡ್ ಶುಲ್ಕ ಸೇರಿ 46% ಆಗುತ್ತೆ, ಆದ್ದರಿಂದ 9,500ನ್ನು 1.46ರಿಂದ ಭಾಗಿಸಿದರೆ 6,507. ಡಾಲರಿನಲ್ಲಿ 93. ಶಿಪ್ಪಿಂಗ್ 24 ಕಳೆದರೆ 69. ನನ್ನ ಬಿಡ್ 69 ಡಾಲರ್, ಅದರ ಮೇಲೆ ಒಂದು ಡಾಲರೂ ಇಲ್ಲ. ನೀವೂ ಹೀಗೇ ಹಿಂದಿನಿಂದ ಬನ್ನಿ. ಊರಲ್ಲೇ, ಬೆಂಗಳೂರಿನಲ್ಲೇ ಸೆಕೆಂಡ್ ಹ್ಯಾಂಡ್ ಸಿಗುವ ಬೆಲೆಯನ್ನೂ ಪಕ್ಕದಲ್ಲಿ ಬರೆದುಕೊಳ್ಳಿ. ಎಷ್ಟೋ ಸಲ ಇಲ್ಲಿ ಕೊಳ್ಳೋದೇ ಅಗ್ಗ ಅಂತ ಆ ಕಾಗದದ ಮೇಲೇ ಗೊತ್ತಾಗುತ್ತೆ.

ಇನ್ನು ಬಿಡ್ ಹಾಕುವ ರೀತಿ. ನಮ್ಮ ಕಡೆ ಅಡಿಕೆ ಟೆಂಡರ್ ನೋಡಿದವರಿಗೆ ಇದು ಬೇಗ ಅರ್ಥ ಆಗುತ್ತೆ. ಟೆಂಡರ್‌ನಲ್ಲಿ ವ್ಯಾಪಾರಿ ಬರೆದ ದರವನ್ನೇ ಕೊಡಬೇಕು. ಉಳಿದವರಿಗಿಂತ ಸಾವಿರ ರೂಪಾಯಿ ಜಾಸ್ತಿ ಬರೆದಿದ್ದರೂ ಅಷ್ಟನ್ನೂ ಕೊಡಬೇಕು. ಈಬೇ ಹಾಗಲ್ಲ. ನೀವು ನಿಮ್ಮ ಗರಿಷ್ಠ ಮೊತ್ತ ಬರೆದಿಡುತ್ತೀರಿ, ಅದು ಬೇರೆಯವರಿಗೆ ಕಾಣಲ್ಲ. ಇನ್ನೊಬ್ಬರು ಏರಿಸಿದ ಹಾಗೆ ನಿಮ್ಮ ಪರವಾಗಿ ಸೈಟೇ ಒಂದೊಂದು ಮೆಟ್ಟಿಲು ಏರಿಸುತ್ತಾ ಹೋಗುತ್ತೆ. 25ರಿಂದ 100 ಡಾಲರ್‌ವರೆಗೆ ಆ ಮೆಟ್ಟಿಲು ಒಂದು ಡಾಲರ್. ನನ್ನ ಗರಿಷ್ಠ 69 ಇತ್ತು, ಎರಡನೆಯವರದ್ದು 61. ನಾನು ಕೊಟ್ಟಿದ್ದು 62. ಹಾಗಾಗಿ ಗರಿಷ್ಠ ಮೊತ್ತವನ್ನು ಒಂದೇ ಸಲ ಪ್ರಾಮಾಣಿಕವಾಗಿ ಬರೆಯೋದರಲ್ಲಿ ನಷ್ಟ ಏನೂ ಇಲ್ಲ.

ಯಾವಾಗ ಬರೆಯಬೇಕು ಅನ್ನೋದು ಮುಖ್ಯ. ಕೊನೆಯ ಹತ್ತು ಸೆಕೆಂಡಿನಲ್ಲಿ. ಎರಡು ದಿನ ಮೊದಲೇ ಹಾಕಿದರೆ ಬೇರೆಯವರಿಗೆ ಯೋಚನೆ ಮಾಡಿ ಏರಿಸೋಕೆ ಸಮಯ ಸಿಗುತ್ತೆ, ಬೆಲೆ ಸುಮ್ನೆ ಮೇಲೇರುತ್ತೆ. ಅಮೆರಿಕದ ಮಾರಾಟಗಾರರು ತುಂಬಾ ಜನ ಭಾನುವಾರ ಸಂಜೆ ಮುಗಿಯುವ ಹಾಗೆ ಹರಾಜು ಇಡುತ್ತಾರೆ. ಅದು ನಮಗೆ ಸೋಮವಾರ ಬೆಳಗಿನ ಜಾವ ಅಥವಾ ಬೆಳಿಗ್ಗೆ. ಅಲಾರಂ ಇಟ್ಟುಕೊಳ್ಳಿ. ಮತ್ತೆ, ಗೆದ್ದ ಮೇಲೆ ಬೇಡ ಅನ್ನುವ ಹಾಗಿಲ್ಲ. ಬಿಡ್ ಅಂದರೆ ಕೊಟ್ಟ ಮಾತು.

12 ಡಾಲರ್ ಅನ್ನೋದು ಎಲ್ಲಿಗೆ ಹೋಗಿ ನಿಲ್ಲಬಹುದು ಅಂತ ತಿಳಿಯೋಕೆ ಹುಡುಕಾಟದಲ್ಲಿ 'ಸೋಲ್ಡ್ ಐಟಮ್ಸ್' ಅಂತ ಒಂದು ಗುರುತು ಇದೆ, ಅದನ್ನು ಒತ್ತಿ. ಮಾರುವವರು ಕೇಳುತ್ತಿರುವ ಬೆಲೆ ಬೇರೆ, ನಿಜವಾಗಿ ಮಾರಾಟವಾದ ಬೆಲೆ ಬೇರೆ. ಎರಡನೆಯದನ್ನೇ ನಂಬಿ.

ಈಗ ನನಗೆ ಪೆಟ್ಟು ಬಿದ್ದ ಕಥೆ. ಶುರುವಿನ ವರ್ಷಗಳಲ್ಲಿ ಹೊರದೇಶದ ಒಬ್ಬರಿಂದ ಒಂದು ಲೆನ್ಸ್ ಗೆದ್ದೆ. ಪುಟದಲ್ಲಿ ಇದ್ದಿದ್ದು ಎರಡೇ ಫೋಟೋ, ಎರಡೂ ಮುಂದಿನಿಂದ ತೆಗೆದದ್ದು. ವಿವರಣೆಯಲ್ಲಿ 'ಅನ್‌ಟೆಸ್ಟೆಡ್' ಅಂತಿತ್ತು, ಪರೀಕ್ಷೆ ಮಾಡಿಲ್ಲ ಅಂತ. ಪರೀಕ್ಷಿಸೋಕೆ ಅವರ ಹತ್ತಿರ ಕ್ಯಾಮೆರಾ ಇಲ್ಲವೇನೋ ಅಂದುಕೊಂಡೆ. ಪಾರ್ಸೆಲ್ ಬಂದಾಗ ಮನೆಯಲ್ಲಿ ಕೊನೆಕೊಯ್ಲು, ಅಡಿಕೆ ಸುಲಿಯೋ ಗಡಿಬಿಡಿ. ಡಬ್ಬ ಕಪಾಟಿನ ಮೇಲೆ ಉಳಿಯಿತು. ಒಂದೂವರೆ ತಿಂಗಳಾದ ಮೇಲೆ ಬಿಚ್ಚಿದೆ. ಹೊರಗೆ ಫಳಫಳ ಅನ್ನುತ್ತಿತ್ತು. ರಾತ್ರಿ ಲೈಟ್ ಆರಿಸಿ, ಹಿಂದಿನ ಗಾಜಿನ ಕಡೆಯಿಂದ ಟಾರ್ಚ್ ಬಿಟ್ಟು, ಮುಂದಿನಿಂದ ಸ್ವಲ್ಪ ಓರೆಯಾಗಿ ನೋಡಿದೆ. ಒಳಗಿನ ಗಾಜಿನ ಅಂಚಿನಿಂದ ನಡುವಿನವರೆಗೆ ಜೇಡರ ಬಲೆಯ ಹಾಗೆ ಬೆಳ್ಳಗೆ ಎಳೆ ಎಳೆ. ಫಂಗಸ್, ನಮ್ಮ ಮಾತಿನಲ್ಲಿ ಬೂಷ್ಟು. ಮಳೆಗಾಲದಲ್ಲಿ ಚಪ್ಪಲಿ, ಪುಸ್ತಕ, ಬೆಲ್ಟಿನ ಮೇಲೆಲ್ಲ ಬರೋದನ್ನು ನೋಡಿ ಬೆಳೆದವನು ನಾನು, ತಕ್ಷಣ ಗೊತ್ತಾಯಿತು. ಆದರೆ ದೂರು ಕೊಡುವ ಅವಧಿ ಮುಗಿದಿತ್ತು. ಈಬೇಯ ಹಣ ವಾಪಸ್ ಗ್ಯಾರಂಟಿ ಇರೋದು ಸಾಮಾನು ಕೈಗೆ ಬಂದ 30 ದಿನದವರೆಗೆ ಮಾತ್ರ. ಬರದೇ ಹೋದರೆ, ಬರಬೇಕಿದ್ದ ಕೊನೆಯ ದಿನದಿಂದ 30 ದಿನ. ಸಾಮಾನಿನ ಹಣ, ಕಟ್ಟಿದ ಸುಂಕ ಎರಡೂ ಹೋಯಿತು.

ಅವತ್ತಿನಿಂದ ನಾನು ವಿವರಣೆಯನ್ನು ಓದುವ ರೀತಿಯೇ ಬೇರೆ. ಅಡಿಕೆ ರಾಶಿಯ ಮೇಲೆ ಚಾಲಿ, ಬೆಟ್ಟೆ ಅಂತ ಚೀಟಿ ಇದ್ದರೂ ವ್ಯಾಪಾರಿ ನಾಲ್ಕು ಅಡಿಕೆ ಕತ್ತರಿಸಿ ಒಳಗೆ ನೋಡುತ್ತಾನಲ್ಲ, ಹಾಗೆ. ಹಳೆ ಲೆನ್ಸಿನ ವಿಷಯದಲ್ಲಿ 'ಅನ್‌ಟೆಸ್ಟೆಡ್', 'ಆಸ್ ಈಸ್' (ಇದ್ದ ಹಾಗೇ), 'ಫಾರ್ ಪಾರ್ಟ್ಸ್' (ಬಿಡಿಭಾಗಕ್ಕೆ) ಅಂದರೆ ಕೆಟ್ಟಿದೆ ಅಂತಲೇ ಹಿಡಿಯಿರಿ. ಜಪಾನಿನವರು 'ಎಕ್ಸಲೆಂಟ್ +5', 'ನಿಯರ್ ಮಿಂಟ್' ಅಂತ ತಲೆಬರಹದಲ್ಲಿ ಹಾಕುತ್ತಾರೆ. ಅದನ್ನು ಬಿಟ್ಟು ಕೆಳಗೆ ಗಾಜಿನ ಬಗ್ಗೆ ಬರೆದಿರುವ ನಾಲ್ಕು ಸಾಲು ಓದಿ: ಫಂಗಸ್, ಹೇಜ್ ಅಂದರೆ ಒಳಗೆ ಮಂಜು ಕವಿದ ಹಾಗೆ ಇರೋದು, ಗೀರು, ಅಪರ್ಚರ್ ಎಲೆಗಳ ಮೇಲೆ, ಅಂದರೆ ಬೆಳಕಿನ ಕಂಡಿಯನ್ನು ಹಿಗ್ಗಿಸಿ ಕುಗ್ಗಿಸುವ ತೆಳು ಎಲೆಗಳ ಮೇಲೆ, ಎಣ್ಣೆ. ಇವುಗಳಲ್ಲಿ ಯಾವುದರ ಮಾತೇ ಎತ್ತಿಲ್ಲವೋ, ಅದನ್ನೇ ಕೇಳಿ. "ಹಿಂದಿನಿಂದ ಬೆಳಕು ಬಿಟ್ಟು ಒಂದು ಫೋಟೋ ಕಳಿಸಿ" ಅಂತ ಸೈಟಿನ ಮೆಸೇಜ್‌ನಲ್ಲೇ ಬರೆಯಿರಿ. ಒಳ್ಳೆಯ ಮಾರಾಟಗಾರರು ಒಂದು ದಿನದಲ್ಲಿ ಕಳಿಸುತ್ತಾರೆ. ಕಳಿಸದವರನ್ನು ಬಿಟ್ಟುಬಿಡಿ. ಆ ಮೆಸೇಜ್ ಮುಂದೆ ದೂರು ಕೊಡಬೇಕಾಗಿ ಬಂದರೆ ಸಾಕ್ಷಿಯೂ ಆಗುತ್ತೆ.

ಎಲ್ಲ ಕಲೆಯೂ ದೋಷವಲ್ಲ ಅನ್ನೋದನ್ನೂ ಹೇಳಬೇಕು. ನಾನು ಹೇಳಿದ ಟಾಕುಮಾರ್ ಗಾಜು ಟೀ ಬಣ್ಣಕ್ಕೆ ತಿರುಗಿತ್ತು. ಆ ಮಾದರಿಯಲ್ಲಿ ಥೋರಿಯಂ ಸೇರಿಸಿದ ಗಾಜು ಇದೆ, ವರ್ಷಗಳು ಕಳೆದ ಹಾಗೆ ಹಳದಿಯಾಗುತ್ತೆ. ಕೆಲವು ವಾರ ಬಿಸಿಲಿಗೆ ಇಟ್ಟರೆ ಬಹಳ ಮಟ್ಟಿಗೆ ತಿಳಿಯಾಗುತ್ತೆ. ಇದು ಗೊತ್ತಿಲ್ಲದವರು ದೂರ ಸರಿಯೋದರಿಂದಲೇ ನನಗೆ 62ಕ್ಕೆ ಸಿಕ್ಕಿದ್ದು.

ಮಾರುವವರ ಅಂಕದಲ್ಲಿ 99% ಅಂತ ನೋಡಿ ಸುಮ್ಮನಾಗಬೇಡಿ. ಅವರು ಕೊಂಡಿದ್ದಕ್ಕೆ ಸಿಕ್ಕ ಅಂಕವೋ, ಮಾರಿದ್ದಕ್ಕೆ ಸಿಕ್ಕಿದ್ದೋ ನೋಡಿ. ಕಳೆದ 12 ತಿಂಗಳಲ್ಲಿ ಬಂದ ಕೆಟ್ಟ ಅಭಿಪ್ರಾಯಗಳನ್ನು ಮಾತ್ರ ಒಂದೊಂದಾಗಿ ಓದಿ, ಅದಕ್ಕೆ ಅವರು ಕೊಟ್ಟ ಉತ್ತರವನ್ನೂ ಓದಿ. ಬೈದು ಉತ್ತರ ಕೊಡುವವರ ಹತ್ತಿರ ನಾನು ಕೊಳ್ಳಲ್ಲ. ಇಷ್ಟು ದಿನ ಮೊಬೈಲ್ ಕವರ್ ಮಾರುತ್ತಿದ್ದವರು ಇದ್ದಕ್ಕಿದ್ದ ಹಾಗೆ ದುಬಾರಿ ಕ್ಯಾಮೆರಾ ಅಗ್ಗಕ್ಕೆ ಇಟ್ಟಿದ್ದರೆ ಅಲ್ಲಿಗೂ ಹೋಗಬೇಡಿ.

ಹಣ ಯಾವಾಗಲೂ ಸೈಟಿನ ಒಳಗೇ ಕೊಡಿ. "ಹೊರಗೆ ಕಳಿಸಿ, ಹತ್ತು ಡಾಲರ್ ಕಮ್ಮಿ ಮಾಡ್ತೀನಿ" ಅಂದರೆ ಆ ಕ್ಷಣಕ್ಕೇ ಮಾತು ನಿಲ್ಲಿಸಿ. ಹೊರಗೆ ಕೊಟ್ಟ ಹಣಕ್ಕೆ ಯಾವ ಗ್ಯಾರಂಟಿಯೂ ಇಲ್ಲ. ಹರಾಜು ಸೋತ ಮೇಲೆ "ಗೆದ್ದವರು ಹಿಂದೆ ಸರಿದರು, ನಿಮಗೇ ಕೊಡ್ತೀವಿ" ಅಂತ ಇಮೇಲ್ ಬಂದರೆ, ಅದು ನಿಮ್ಮ ಈಬೇ ಖಾತೆಯ ಮೆಸೇಜ್‌ನಲ್ಲೂ ಇದೆಯಾ ನೋಡಿ. ಅಲ್ಲಿ ಇಲ್ಲ ಅಂದರೆ ಸುಳ್ಳು. ಕಾರ್ಡಿನಲ್ಲಿ ವಿದೇಶಿ ವಹಿವಾಟು ಮೊದಲೇ ಆನ್ ಮಾಡಿಟ್ಟುಕೊಳ್ಳಿ, ಹೊಸ ಕಾರ್ಡ್‌ಗಳಲ್ಲಿ ಅದು ಆಫ್ ಆಗಿಯೇ ಬರುತ್ತೆ. ರೂಪಾಯಿಯಲ್ಲಿ ಕಟ್ಟುತ್ತೀರಾ, ಡಾಲರಿನಲ್ಲಾ ಅಂತ ಕೇಳಿದರೆ ಎರಡನ್ನೂ ಹೋಲಿಸಿ. ನನಗೆ ಪ್ರತಿ ಸಲ ಡಾಲರೇ ಅಗ್ಗ ಬಿದ್ದಿದೆ.

ಕೆಲವು ಮಾರಾಟಗಾರರು "ಗಿಫ್ಟ್ ಅಂತ ಬರೆಯಲಾ, ಬೆಲೆ ಕಮ್ಮಿ ತೋರಿಸಲಾ" ಅಂತ ತಾವೇ ಕೇಳುತ್ತಾರೆ. ದಯವಿಟ್ಟು ಬೇಡ ಅನ್ನಿ. ಹೊರದೇಶದ ಗಿಫ್ಟಿಗೆ ಇದ್ದ ಸುಂಕದ ವಿನಾಯಿತಿಯನ್ನು 2019ರ ಡಿಸೆಂಬರ್‌ನಲ್ಲೇ ತೆಗೆದರು. ಜೀವ ಉಳಿಸುವ ಔಷಧಿ ಮತ್ತು ರಾಖಿಗೆ ಮಾತ್ರ ಉಳಿದಿದೆ. ಬೆಲೆ ಸುಳ್ಳು ಬರೆಸಿದರೆ ಅದು ಅಪರಾಧ. ಅಲ್ಲದೆ ಪಾರ್ಸೆಲ್ ಕಳೆದುಹೋದರೆ ಇನ್ಶೂರೆನ್ಸ್ ಸಿಗೋದು ಬರೆದ ಬೆಲೆಗಷ್ಟೇ. ಸುಂಕ ಜಾಸ್ತಿ ಆಯಿತು ಅಂತ ಪಾರ್ಸೆಲ್ ಬಿಡಿಸಿಕೊಳ್ಳದೆ ವಾಪಸ್ ಕಳಿಸಿದರೂ ಗ್ಯಾರಂಟಿ ನಿಮ್ಮ ನೆರವಿಗೆ ಬರಲ್ಲ.

ಕೊರಿಯರ್‌ನಲ್ಲಿ ಬಂದರೆ ಆಧಾರ್ ಅಥವಾ ಪ್ಯಾನ್ ಕೇಳುತ್ತಾರೆ, ಸುಂಕದ ಜೊತೆ ತಮ್ಮ ಶುಲ್ಕವನ್ನೂ ಸೇರಿಸುತ್ತಾರೆ. ನನಗೆ ಅಂಚೆಯೇ ಇಷ್ಟ. ನಿಧಾನ, ಆದರೆ ಖರ್ಚು ಕಮ್ಮಿ. ಟ್ರ್ಯಾಕಿಂಗ್ ಇರುವ ಅಂಚೆಯನ್ನೇ ಆರಿಸಿ. ಅದರ ನಂಬರ್ 13 ಅಕ್ಷರದ್ದು: ಎರಡು ಅಕ್ಷರ, ಒಂಬತ್ತು ಅಂಕಿ, ಕೊನೆಗೆ ಕಳಿಸಿದ ದೇಶದ ಎರಡಕ್ಷರ. ಜಪಾನಿನಿಂದ ಬಂದರೆ ಕೊನೆಗೆ ಜೆಪಿ. ಅದೇ ನಂಬರನ್ನು ಇಂಡಿಯಾ ಪೋಸ್ಟ್ ಸೈಟಿನಲ್ಲಿ ಹಾಕಿದರೆ ಇಲ್ಲಿಯ ಹಾದಿಯೂ ಕಾಣುತ್ತೆ. ಕಸ್ಟಮ್ಸ್‌ನಲ್ಲಿ ವಾರಗಟ್ಟಲೆ ನಿಂತರೆ ಹೆದರಬೇಡಿ, ಆದರೆ 30 ದಿನದ ಲೆಕ್ಕ ಕ್ಯಾಲೆಂಡರಿನಲ್ಲಿ ಗುರುತು ಮಾಡಿ ಇಡಿ.

ಕೊನೆಗೆ ನಿಮ್ಮ ಹೀಲಿಯೋಸ್. ನಿಮ್ಮದು ಯಾವ ಕ್ಯಾಮೆರಾ ಅಂತ ಬರೆದಿಲ್ಲ, ಅದು ಎಲ್ಲಕ್ಕಿಂತ ಮುಂಚೆ ಬೇಕು. ಈ ಲೆನ್ಸ್ ಸೋವಿಯತ್ ಕಾಲದ ಜೆನಿಟ್ ಕ್ಯಾಮೆರಾಗಳ ಜೊತೆ ಬರುತ್ತಿತ್ತು, ಎಂ42 ಅನ್ನುವ ತಿರುಪು ಮೌಂಟ್, ಅಂದರೆ ಕ್ಯಾಮೆರಾಗೆ ತಿರುಗಿಸಿ ಕೂರಿಸುವ ಜೋಡಣೆ. ಮಿರರ್‌ಲೆಸ್ ಕ್ಯಾಮೆರಾ ಆದರೆ ಒಂದು ಸಾದಾ ಅಡಾಪ್ಟರ್ ಸಾಕು, ಕ್ಯಾನನ್ ಡಿಎಸ್‌ಎಲ್‌ಆರ್‌ಗೂ ಸಿಗುತ್ತೆ. ನಿಕಾನ್ ಡಿಎಸ್‌ಎಲ್‌ಆರ್ ಆದರೆ ಗಾಜಿಲ್ಲದ ಅಡಾಪ್ಟರ್ ಹಾಕಿದಾಗ ದೂರದ್ದು ಫೋಕಸ್ ಆಗಲ್ಲ, ಹತ್ತಿರದ ಹೂವು, ಮುಖ ಮಾತ್ರ. ಹಾಗಿದ್ದರೆ ಬಿಡ್ ಹಾಕಲೇಬೇಡಿ.

ಈ ಲೆನ್ಸ್‌ಗಳನ್ನು ಲಕ್ಷಗಟ್ಟಲೆ ಮಾಡಿದ್ದಾರೆ. ಇದು ಕೈ ತಪ್ಪಿದರೆ ಮುಂದಿನ ವಾರ ಇನ್ನೊಂದು ಬರುತ್ತೆ, ಹಾಗಾಗಿ ಕೊನೆಯ ನಿಮಿಷದಲ್ಲಿ ಹಟಕ್ಕೆ ಬಿದ್ದು ಏರಿಸಬೇಡಿ. ಇವತ್ತು ರಾತ್ರಿಯೇ ಮಾರುವವರಿಗೆ ಎರಡು ಸಾಲು ಬರೆಯಿರಿ: ಬೆಳಕು ಬಿಟ್ಟ ಫೋಟೋ ಬೇಕು, ಫೋಕಸ್ ಉಂಗುರ ಸಲೀಸಾಗಿ ತಿರುಗುತ್ತಾ ಹೇಳಿ. ಉತ್ತರ ಬಂದರೆ ನಿಮ್ಮ ಲೆಕ್ಕ ಹಾಕಿಕೊಂಡು ನಾಡಿದ್ದು ಕೊನೆಯ ಹತ್ತು ಸೆಕೆಂಡಿಗೆ ಕೂತುಕೊಳ್ಳಿ. ಗೆದ್ದು ಪಾರ್ಸೆಲ್ ಬಂದ ದಿನ, ಡಬ್ಬದ ಮೇಲಿನ ಚೀಟಿಯಿಂದ ಹಿಡಿದು ಬಿಚ್ಚುವವರೆಗೆ ಮೊಬೈಲ್‌ನಲ್ಲಿ ಒಂದೇ ವಿಡಿಯೋ ಮಾಡಿ. ಅವತ್ತೇ ರಾತ್ರಿ ಲೈಟ್ ಆರಿಸಿ ಟಾರ್ಚ್ ಬಿಟ್ಟು ನೋಡಿ. ಬೂಷ್ಟು ಕಂಡರೆ ನಿಮ್ಮ ಬೇರೆ ಲೆನ್ಸ್‌ಗಳ ಪಕ್ಕ ಇಡಬೇಡಿ, ಮರುದಿನವೇ ದೂರು ಹಾಕಿ. ಏನೂ ಇಲ್ಲದಿದ್ದರೆ ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಗಾಳಿಯಾಡದ ಡಬ್ಬದಲ್ಲಿ ಇಡಿ, ಮಳೆಗಾಲ ಮುಗಿಯುವವರೆಗೂ.