ಇಂಗ್ಲಿಷಿನಲ್ಲಿ ಯಾವ ಕ್ರಿಯಾಪದದ ನಂತರ ‘ಸಮ್‌ಥಿಂಗ್’, ಯಾವುದರ ನಂತರ ‘ಎನಿಥಿಂಗ್’?

ಕ್ರಿಯಾಪದಗಳ ಪಟ್ಟಿ ಕೇಳಿದ್ದೀರಿ. ‘ವಾಕ್ಯದಲ್ಲಿ ನಾಟ್ ಬಂದರೆ ಎನಿಥಿಂಗ್, ಇಲ್ಲದಿದ್ದರೆ ಸಮ್‌ಥಿಂಗ್’ ಎಂದು ತರಗತಿಯಲ್ಲಿ ಕಲಿತ ಸೂತ್ರ ಸಾಲುತ್ತಿಲ್ಲ, ಕಾರವಾರದ ಸಂದರ್ಶನಕ್ಕೆ ಮೊದಲು ಕನ್ನಡದಲ್ಲಿ ಯೋಚಿಸುವ ಅಭ್ಯಾಸವನ್ನೂ ಬಿಡಬೇಕು ಎಂದಿದ್ದೀರಿ. ಆ ಸೂತ್ರವನ್ನು ನಾನೂ ಬಾಯಿಪಾಠ ಮಾಡಿದ್ದೆ. ಅದನ್ನು ನಂಬಿದ್ದರಿಂದ ಹೊರಡಬೇಕಾಗಿದ್ದ ಕಾಳುಮೆಣಸು ಮಳೆಗಾಲ ಹಿಡಿಯುವವರೆಗೂ ಗೋದಾಮಿನಲ್ಲೇ ಉಳಿಯಿತು.

ಆಗ ನಾನು ಶಿರಸಿಯ ಒಂದು ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ಸುತ್ತಲಿನ ತೋಟಗಳ ಅಡಿಕೆ, ಕಾಳುಮೆಣಸು, ಏಲಕ್ಕಿ ಅಲ್ಲಿಗೆ ಬರುತ್ತಿದ್ದವು. ಕಾಳನ್ನು ಕೈಯಲ್ಲಿ ಹಿಡಿದು ನೋಡಿದರೆ ಎಷ್ಟು ಒಣಗಿದೆ ಎಂದು ಯಜಮಾನರಿಗೆ ತಿಳಿಯುತ್ತಿತ್ತು. ಇಂಗ್ಲಿಷ್ ಪತ್ರಗಳು ಮಾತ್ರ ನನ್ನ ಪಾಲಿನವು. ಹೊರದೇಶದ ಖರೀದಿದಾರರೊಬ್ಬರು ಸರಕು ಹೊರಡುವ ಮುನ್ನ ಕೇಳಿದರು: ಚೀಲಗಳನ್ನು ಬಿಚ್ಚಿ ತೇವಾಂಶ ನೋಡಿದ್ದೀರಾ? ನಾವು ಎಲ್ಲ ಚೀಲಗಳನ್ನೂ ಬಿಚ್ಚಿರಲಿಲ್ಲ. ಮೇಲಿನ, ನಡುವಿನ, ಅಡಿಯ ಸಾಲುಗಳಿಂದ ಕೆಲವನ್ನು ಆರಿಸಿ ಮಾದರಿ ತೆಗೆದು ನೋಡಿದ್ದೆವು. ಅದರಲ್ಲಿ ಮುಚ್ಚಿಡುವಂಥದ್ದು ಏನೂ ಇರಲಿಲ್ಲ.

ನಾನು ಮೊದಲು ಬರೆದದ್ದು ‘ವಿ ಡಿಡ್ ನಾಟ್ ಓಪನ್ ಎವ್ರಿಥಿಂಗ್’ ಎಂದು. ಅದು ಸರಿಯಾಗಿಯೇ ಇತ್ತು. ಕಳುಹಿಸುವ ಮುನ್ನ ಮತ್ತೊಮ್ಮೆ ಓದಿದಾಗ ‘ನಾಟ್’ ಕಣ್ಣಿಗೆ ಬಿತ್ತು. ನಾಟ್ ಇದ್ದಲ್ಲಿ ಎನಿ ಇರಬೇಕಲ್ಲ ಎಂದು ‘ಎವ್ರಿಥಿಂಗ್’ ಅಳಿಸಿ ‘ಎನಿಥಿಂಗ್’ ಎಂದು ತಿದ್ದಿದೆ. ಮುಂದಿನ ಸಾಲಿನಲ್ಲಿ ಕಾಳು ಚೆನ್ನಾಗಿ ಒಣಗಿದೆ ಎಂದಿತ್ತು. ಓದುವವರ ಜಾಗದಲ್ಲಿ ನಿಂತು ನೋಡಿ. ಒಂದು ಚೀಲವನ್ನೂ ಬಿಚ್ಚಿಲ್ಲ ಎನ್ನುವ ಮನುಷ್ಯ ಮರುಸಾಲಿನಲ್ಲೇ ಒಳಗಿನ ಕಾಳು ಒಣಗಿದೆ ಎನ್ನುತ್ತಾನೆ. ಅವನನ್ನು ಯಾರು ನಂಬುತ್ತಾರೆ? ವ್ಯಾಕರಣದಲ್ಲಿ ಎಲ್ಲಿಯಾದರೂ ಎಡವಿದ್ದರೆ ಓದುವವರು ತಾವೇ ಸರಿಪಡಿಸಿಕೊಂಡು ಓದುತ್ತಿದ್ದರು. ಆದರೆ ನನ್ನ ವಾಕ್ಯದಲ್ಲಿ ವ್ಯಾಕರಣದೋಷ ಒಂದೂ ಇರಲಿಲ್ಲ. ನಡೆಯದ ಸಂಗತಿಯನ್ನು ಅದು ಶುದ್ಧ ಇಂಗ್ಲಿಷಿನಲ್ಲಿ ಹೇಳುತ್ತಿತ್ತು. ಆದ್ದರಿಂದಲೇ ವಾಕ್ಯವೇ ತಪ್ಪಿರಬಹುದು ಎಂಬ ಅನುಮಾನ ಯಾರಿಗೂ ಬರಲಿಲ್ಲ, ನನಗೂ ಬರಲಿಲ್ಲ.

ಸರಕು ನಿಲ್ಲಿಸಿ, ಹೊರಗಿನವರಿಂದ ಪರೀಕ್ಷೆ ಮಾಡಿಸಿ, ಖರ್ಚು ನಿಮ್ಮದು ಎಂದು ಉತ್ತರ ಬಂತು. ಪರೀಕ್ಷೆ ಮುಗಿಯುವ ಹೊತ್ತಿಗೆ ಶಿರಸಿಯ ಮಳೆ ಶುರುವಾಗಿತ್ತು. ಒಣಗಿದ ಮೆಣಸು ಗಾಳಿಯ ತೇವವನ್ನು ಹೀರುತ್ತದೆ, ಹಾಗೇ ಬಿಟ್ಟರೆ ಬೂಷ್ಟು ಹಿಡಿಯುತ್ತದೆ. ಮತ್ತೆ ಒಣಗಿಸಿದ ಕೂಲಿ, ಕಾದು ನಿಂತ ಲಾರಿಯ ಬಾಡಿಗೆ ಎಲ್ಲವೂ ಯಜಮಾನರ ತಲೆಗೆ ಬಂತು. “ತಮ್ಮಾ, ಚೀಲ ಬಿಚ್ಚುವಾಗ ನೀನು ಪಕ್ಕದಲ್ಲೇ ಇದ್ದೆಯಲ್ಲ, ಬಿಚ್ಚಲೇ ಇಲ್ಲ ಎಂದು ಯಾಕೆ ಬರೆದೆ?” ಎಂದು ಕೇಳಿದರು. ಹಾಗೆ ಬರೆದಿಲ್ಲ ಎಂದೇ ನಾನು ವಾದಿಸಿದೆ.

ಬಿಡಿಸಿ ಹೇಳಿದವರು ಮೆಣಸು ಮಾರಲು ಬಂದ ಒಬ್ಬ ನಿವೃತ್ತ ಮಾಸ್ತರರು. ಅವರು ಇಂಗ್ಲಿಷ್ ವ್ಯಾಕರಣದ ಮಾತೇ ಎತ್ತಲಿಲ್ಲ. “‘ಎಲ್ಲವನ್ನೂ ಬಿಚ್ಚಲಿಲ್ಲ’, ‘ಯಾವುದನ್ನೂ ಬಿಚ್ಚಲಿಲ್ಲ’, ಎರಡೂ ಒಂದೆಯೇನಪ್ಪ?” ಎಂದು ಕೇಳಿದರು. ಅಲ್ಲವೇ ಅಲ್ಲ! ಮೊದಲನೆಯದರಲ್ಲಿ ಕೆಲವನ್ನು ಬಿಚ್ಚಿದ್ದೇವೆ, ಎರಡನೆಯದರಲ್ಲಿ ಒಂದನ್ನೂ ಇಲ್ಲ. ಇಂಗ್ಲಿಷಿನ ‘ನಾಟ್ ಎವ್ರಿಥಿಂಗ್’, ‘ನಾಟ್ ಎನಿಥಿಂಗ್’ ನಡುವೆ ಇರುವುದೂ ಅದೇ ವ್ಯತ್ಯಾಸ. ಕನ್ನಡದಲ್ಲಿ ಯೋಚಿಸಿ ಬರೆದ ವಾಕ್ಯ ಸರಿಯಿತ್ತು, ಸೂತ್ರ ಹಿಡಿದು ತಿದ್ದಿದ್ದು ಹಾಳಾಯಿತು.

ಆದ್ದರಿಂದ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ಕನ್ನಡವನ್ನು ಬಿಡಬೇಡಿ. ಈ ಅನಿರ್ದಿಷ್ಟ ಸರ್ವನಾಮಗಳ, ಅಂದರೆ ಇಂಥದ್ದೇ ಎಂದು ಗೊತ್ತುಮಾಡದ ಪದಗಳ, ಅರ್ಥಭೇದವನ್ನೆಲ್ಲ ನಿಮ್ಮ ಮನೆಯವರು ನಿಮಗೆ ಆಗಲೇ ಕಲಿಸಿದ್ದಾರೆ. ‘ಏನೋ ಕಂಡೆ’ ಎಂದರೆ ‘ಐ ಸಾ ಸಮ್‌ಥಿಂಗ್’. ‘ಏನಾದರೂ ಕಂಡಿರಾ?’ ಎಂದರೆ ‘ಡಿಡ್ ಯು ಸೀ ಎನಿಥಿಂಗ್?’ ‘ಏನೂ ಕಾಣಲಿಲ್ಲ’ ಎಂಬುದನ್ನು ‘ಐ ಡಿಡ್ ನಾಟ್ ಸೀ ಎನಿಥಿಂಗ್’ ಎನ್ನಬಹುದು, ‘ಐ ಸಾ ನಥಿಂಗ್’ ಎಂದೂ ಹೇಳಬಹುದು. ಪಾಠದಲ್ಲಿ ಮೇಷ್ಟ್ರು ಹೇಳಿದ ಏನೋ ಒಂದು ನಿಮಗೆ ಅರ್ಥವಾಗಲಿಲ್ಲ ಎನ್ನಿ, ಆಗ ‘ಐ ಡಿಡ್ ನಾಟ್ ಅಂಡರ್‌ಸ್ಟ್ಯಾಂಡ್ ಸಮ್‌ಥಿಂಗ್’ ಎಂಬುದೇ ಸರಿ, ನಾಟ್ ಇದ್ದರೂ! ಶಿರಸಿ ಬಸ್ ನಿಲ್ದಾಣದಲ್ಲಿ ಯಾರನ್ನು ಕೇಳಿದರೂ ಬನವಾಸಿ ಬಸ್ ತೋರಿಸುತ್ತಾರೆ ಎನ್ನಲು ‘ಯು ಕ್ಯಾನ್ ಆಸ್ಕ್ ಎನಿಒನ್’ ಸಾಕು, ಅಲ್ಲಿ ನಾಟ್ ಇಲ್ಲವೇ ಇಲ್ಲ. ಸೂತ್ರ ಎರಡೂ ಕಡೆ ಸೋಲುತ್ತದೆ. ಮನೆಗೆ ಬಂದವರಿಗೆ ‘ಏನಾದರೂ ಕುಡಿಯುತ್ತೀರಾ?’ ಎನ್ನಲು ಮಾತ್ರ ‘ವುಡ್ ಯು ಲೈಕ್ ಸಮ್‌ಥಿಂಗ್ ಟು ಡ್ರಿಂಕ್?’ ಎಂದು ಕೇಳುತ್ತೇವೆ. ಪ್ರಶ್ನೆಯೇ ಆದರೂ ಅಲ್ಲಿ ನೀವು ಹೌದು ಎಂಬ ಉತ್ತರವನ್ನು ಬಯಸುತ್ತೀರಿ, ಅದಕ್ಕೇ ಸಮ್‌ಥಿಂಗ್.

ಕನ್ನಡ ನಿಮ್ಮನ್ನು ದಾರಿ ತಪ್ಪಿಸುವ ಜಾಗ ಬೇರೆ ಇದೆ, ಕಲಿಯಬೇಕಾದದ್ದು ಅದನ್ನು. ನಮ್ಮ ‘ಇಲ್ಲ’ ವಾಕ್ಯದ ಕೊನೆಯಲ್ಲಿ ಬರುತ್ತದೆ. ‘ಯಾರೂ ಬರಲಿಲ್ಲ’ ಎನ್ನುವಾಗ ‘ಯಾರೂ’ ಮೊದಲೇ ಬಂದು, ಆಮೇಲೆ ಬರುವ ‘ಇಲ್ಲ’ಕ್ಕಾಗಿ ಕಾಯುತ್ತದೆ. ಇಂಗ್ಲಿಷಿನ ‘ಎನಿಬಡಿ’ ಹಾಗೆ ಕಾಯುವುದಿಲ್ಲ. ಇಂಥ ವಾಕ್ಯದಲ್ಲಿ ಅದಕ್ಕಿಂತ ಮೊದಲೇ ನಿಷೇಧ, ಅಂದರೆ ‘ಇಲ್ಲ’ ಎಂಬ ಅರ್ಥದ ಪದ, ಬಂದಿರಬೇಕು. ಆದ್ದರಿಂದ ‘ಎನಿಬಡಿ ಡಿಡ್ ನಾಟ್ ಕಮ್’ ತಪ್ಪು, ‘ನೋಬಡಿ ಕೇಮ್’ ಸರಿ. ಕ್ರಿಯಾಪದದ ನಂತರ ಬಂದರೆ ಈ ತೊಡಕಿಲ್ಲ, ನಾಟ್ ಆಗಲೇ ಬಂದಾಗಿರುತ್ತದೆ. ಯಾಣದಲ್ಲಿ ಯಾರನ್ನೂ ನೋಡಲಿಲ್ಲ ಎನ್ನಲು ‘ವಿ ಡಿಡ್ ನಾಟ್ ಸೀ ಎನಿಬಡಿ ಅಟ್ ಯಾಣ’ ಎಂದು ಧೈರ್ಯವಾಗಿ ಹೇಳಿ.

ಇನ್ನೊಂದು, ಒಂದು ಕ್ರಿಯಾಪದಕ್ಕೆ ಒಂದೇ ನಿಷೇಧ. ‘ಡಿಡ್ ನಾಟ್ ಸೀ ನೋಬಡಿ’ ಎಂದು ಬರೆಯಬೇಡಿ. ಹಾಗೆ ಹೇಳುವವರನ್ನು ಅಜ್ಞಾನಿಗಳು ಎನ್ನುವುದು ಮಾತ್ರ ನನಗೆ ಸೇರುವುದಿಲ್ಲ. 14ನೇ ಶತಮಾನದ ಕವಿ ಚಾಸರನ ಇಂಗ್ಲಿಷಿನಲ್ಲಿ ಒಂದೇ ವಾಕ್ಯದಲ್ಲಿ ಹಲವು ನಿಷೇಧಗಳು ಸೇರಿ ಒಂದೇ ‘ಇಲ್ಲ’ವನ್ನು ಗಟ್ಟಿ ಮಾಡುತ್ತಿದ್ದವು, ಇಂದಿಗೂ ಹಲವು ಇಂಗ್ಲಿಷ್ ಉಪಭಾಷೆಗಳಲ್ಲಿ ಜನ ಹಾಗೆ ಮಾತನಾಡುತ್ತಾರೆ. ಶಿಷ್ಟ ಬರಹ ಅದನ್ನು ಕೈಬಿಟ್ಟಿದೆ, ಕಚೇರಿಗೆ ಬೇಕಾದದ್ದು ಆ ಬರಹ.

ನಿಮ್ಮ ಪಟ್ಟಿಯ ಆಸೆಗೆ ಒಂದಿಷ್ಟು ಆಧಾರ ಇಲ್ಲದಿಲ್ಲ. ‘ರೆಫ್ಯೂಸ್’, ‘ಡಿನೈ’, ‘ಡೌಟ್’ ಇಂಥವುಗಳ ಹೊಟ್ಟೆಯೊಳಗೇ ಇಲ್ಲ ಎಂಬ ಅರ್ಥ ಇದೆ. ಅದಕ್ಕೇ ‘ಹಿ ರೆಫ್ಯೂಸ್ಡ್ ಟು ಸೇ ಎನಿಥಿಂಗ್’. ‘ನೆವರ್’, ‘ಹಾರ್ಡ್‌ಲಿ’, ‘ವಿದೌಟ್’ ಕೂಡ ಅದೇ ಕೆಲಸ ಮಾಡುತ್ತವೆ. ಅರ್ಥ ಹಿಡಿದರೆ ಇವು ತಾವಾಗಿ ಬರುತ್ತವೆ, ಪಟ್ಟಿ ಮಾಡಿ ಉರು ಹೊಡೆಯುವ ಅಗತ್ಯವಿಲ್ಲ. ವಿಶೇಷಣವನ್ನು ಮಾತ್ರ ಸರ್ವನಾಮದ ನಂತರ ಇಡಿ: ‘ಸಮ್‌ಥಿಂಗ್ ಹಾಟ್’, ‘ಎನಿಥಿಂಗ್ ನ್ಯೂ’.

ಬರೆಯುವ ಮುನ್ನ ವಾಕ್ಯವನ್ನು ಕನ್ನಡದಲ್ಲಿ ಪೂರ್ತಿ ಹೇಳಿಕೊಳ್ಳಿ. ಏನೋ, ಏನಾದರೂ, ಏನೂ, ಎಲ್ಲವೂ, ಈ ನಾಲ್ಕರಲ್ಲಿ ಯಾವುದು ಬಾಯಿಗೆ ಬಂತೋ ಅದರ ಇಂಗ್ಲಿಷ್ ರೂಪವನ್ನೇ ಇಡಿ, ಆಮೇಲೆ ಯಾವ ಸೂತ್ರದ ಹೆಸರಿನಲ್ಲೂ ಅದನ್ನು ಬದಲಾಯಿಸಬೇಡಿ. ವ್ಯಾಪಾರದ ಪತ್ರವಾದರೆ ಸರ್ವನಾಮವನ್ನೇ ಬಿಟ್ಟು ಎಷ್ಟರಲ್ಲಿ ಎಷ್ಟು ಎಂದು ಅಂಕಿಯಲ್ಲಿ ಬರೆಯಿರಿ. ಸಂದರ್ಶನದ ಕೊನೆಯಲ್ಲಿ ‘ಡು ಯು ವಾಂಟ್ ಟು ಆಸ್ಕ್ ಎನಿಥಿಂಗ್?’ ಎಂದು ಕೇಳುವ ಸಂಭವ ಹೆಚ್ಚು. ‘ನಥಿಂಗ್’ ಎಂದು ಎದ್ದುಬಿಡಬೇಡಿ. ಕೆಲಸದ ಬಗ್ಗೆ ನಿಮಗೆ ನಿಜವಾಗಿ ತಿಳಿಯಬೇಕಾದ ಒಂದು ಪ್ರಶ್ನೆಯನ್ನು ನಿಮ್ಮ ಕುಮಟಾದಿಂದ ಹೊರಡುವ ಮೊದಲೇ ಸಿದ್ಧಮಾಡಿಕೊಳ್ಳಿ.