ಮೈಸೂರಿನಲ್ಲೇ ಪ್ರೋಟೀನ್ ವಿಷಯದಲ್ಲಿ ಪಿಎಚ್‌ಡಿ ಮಾಡಬಹುದಾ?

ಎಂಎಸ್ಸಿ ಬಯೋಕೆಮಿಸ್ಟ್ರಿ ಆಗಿದೆ, ಊರು ಬಿಡದೆ ಪಿಎಚ್‌ಡಿ ಆಗುತ್ತಾ ಅಂತ ಕೇಳಿದ್ದೀರಿ. ಆಗುತ್ತೆ. ಮೊದಲು ಚೆಲುವಾಂಬ ಮ್ಯಾನ್ಷನ್‌ನಲ್ಲಿರುವ ಸಿಎಫ್‌ಟಿಆರ್‌ಐ (ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆ) ನೋಡಿ. ಅಲ್ಲಿ ಬೇಳೆಕಾಳು, ಎಣ್ಣೆಬೀಜದ ಪ್ರೋಟೀನ್ ಮೇಲೆ ಹಳೆಯ ಕಾಲದಿಂದಲೂ ಕೆಲಸ ನಡೆದಿದೆ. ಮೈಸೂರು ವಿಶ್ವವಿದ್ಯಾಲಯದ ಕ್ಯಾಂಪಸ್ ಮಾನಸಗಂಗೋತ್ರಿಯಲ್ಲಿ ಬಯೋಕೆಮಿಸ್ಟ್ರಿ, ಮಾಲಿಕ್ಯುಲರ್ ಬಯಾಲಜಿ ಎರಡೂ ವಿಭಾಗಗಳಿವೆ.

ಆದರೆ ಸೀಟಿಗಿಂತ ಮುಂಚೆ ಜೆಆರ್‌ಎಫ್ (ಸಂಶೋಧನೆ ಮಾಡುವವರಿಗೆ ತಿಂಗಳ ಹಣ ಕೊಡುವ ಫೆಲೋಶಿಪ್) ಹಿಡಿಯಿರಿ. ಅದಕ್ಕೆ ಬರೆಯಬೇಕಾದ ನೆಟ್ ಪರೀಕ್ಷೆ ಸಾಮಾನ್ಯವಾಗಿ ವರ್ಷಕ್ಕೆ 2 ಸಲ. 2023ರಿಂದ ಫೆಲೋಶಿಪ್ ತಿಂಗಳಿಗೆ 37,000 ರೂಪಾಯಿ, 2 ವರ್ಷ ಆದಮೇಲೆ 42,000. ಫೆಲೋಶಿಪ್ ಕೈಯಲ್ಲಿದ್ದರೆ ಗೈಡ್ ಒಪ್ಪುವುದೂ ಸುಲಭ, ಅಲ್ವಾ?

ಸೇರುವ ಮುಂಚೆ ಒಂದು ದಿನ ಸುಮ್ನೆ ಲ್ಯಾಬ್‌ನಲ್ಲಿ ಕೂತು ಬನ್ನಿ. ಐಸ್‌ನಲ್ಲಿಡಬೇಕಾದ ಟ್ಯೂಬನ್ನು ಮೇಜಿನ ಮೇಲೆ ಮರೆತರೆ ವಾರದ ಕೆಲಸ ಹಾಳಾಗಬಹುದು. ಪ್ರೋಟೀನ್ ಶುದ್ಧವಾಗಿದ್ದರೆ ಜೆಲ್‌ನಲ್ಲಿ (ಪ್ರೋಟೀನ್‌ಗಳನ್ನು ಬೇರ್ಪಡಿಸಿ ನೋಡುವ ಪದರ) ಒಂದೇ ನೀಲಿ ಗೆರೆ ಬರಬೇಕಿತ್ತು, ಮೂರು ಬಂದಿರುತ್ತವೆ. ಮತ್ತೆ ಮೊದಲಿಂದ!