ಹೊಸ ಕೋರ್ಸಿಗಿಂತ ಮೊದಲು ಟೇಪು ಹಿಡಿಯಿರಿ

ಸಾಫ್ಟ್‌ವೇರ್ ಕೆಲಸದಿಂದ ಅರಣ್ಯ ಅಧ್ಯಯನಕ್ಕೆ ಬರಲು ಇನ್ನೊಂದು ಡೀಪ್ ಲರ್ನಿಂಗ್ (ಉದಾಹರಣೆಗಳಿಂದ ಕಂಪ್ಯೂಟರಿಗೆ ಕಲಿಸುವ ವಿಧಾನ) ಕೋರ್ಸ್ ಮಾಡುವುದಾಗಿ ಬರೆದು, ಉಪಗ್ರಹ ಚಿತ್ರಗಳಿಂದ ಕಂಪ್ಯೂಟರ್ ಮಾದರಿಯೊಂದು ಗುರುತಿಸಿದ ಶಿರಸಿ ಸುತ್ತಮುತ್ತಲಿನ ಅರಣ್ಯ ನಕ್ಷೆಯನ್ನೂ, ಅದಕ್ಕೆ ಬಂದ ಹೆಚ್ಚಿನ ನಿಖರತೆಯ ಅಂಕವನ್ನೂ ಹಾಕಿದ್ದೀರಿ. ದಯವಿಟ್ಟು ಆ ಕೋರ್ಸನ್ನು ಸದ್ಯಕ್ಕೆ ಮುಂದೂಡಿ. ಒಂದೇ ಗುಡ್ಡದ ಅಕ್ಕಪಕ್ಕದ ಪಿಕ್ಸೆಲ್‌ಗಳು ಮಾದರಿಯ ತರಬೇತಿಗೂ ಅದರ ಪರೀಕ್ಷೆಗೂ ಹಂಚಿಹೋಗಿರುವುದರಿಂದಲೇ ನಿಮ್ಮ ನಕ್ಷೆಗೆ ಅಷ್ಟು ನಿಖರತೆ ಬಂದಿದೆ. ಕೋಡಿಂಗ್ ಹಿನ್ನೆಲೆಯಿಂದ ಬಂದ ನಾವೆಲ್ಲರೂ ಎಡವಿದ ಕಲ್ಲು ಇದೇ. ಒಂದು ಇಡೀ ಕಣಿವೆಯನ್ನು ಪರೀಕ್ಷೆಗೆಂದೇ ಪ್ರತ್ಯೇಕವಾಗಿಟ್ಟು ನೋಡಿ. ಅಂಕಿಅಂಶಗಳ ಲೆಕ್ಕಕ್ಕೆ ಬಳಸುವ ಆರ್ ಪ್ರೋಗ್ರಾಮಿಂಗ್ ಭಾಷೆಯ ಬ್ಲಾಕ್‌ಸಿವಿ ಪ್ಯಾಕೇಜ್ ಇರುವುದೇ ಇದಕ್ಕಾಗಿ. ಅಂಕ ಕುಸಿದರೆ ಬೇಸರಿಸಬೇಡಿ, ನಂಬಬೇಕಾದದ್ದು ಆ ಅಂಕವನ್ನೇ.

ಅದಕ್ಕಿಂತ ದೊಡ್ಡ ತೊಡಕು ನೀವು ಹಸಿರನ್ನೆಲ್ಲ ಕಾಡೆಂದು ಎಣಿಸಿರುವುದು. ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆಯ ಲೆಕ್ಕದಲ್ಲಿ 1 ಹೆಕ್ಟೇರಿಗಿಂತ ದೊಡ್ಡದಾದ, ಶೇ. 10ಕ್ಕಿಂತ ಹೆಚ್ಚು ಮರಗಳ ಹೊದಿಕೆಯಿರುವ ಜಾಗವು ಯಾರ ಒಡೆತನದಲ್ಲಿದ್ದರೂ ಅರಣ್ಯ ಹೊದಿಕೆಯೇ ಆಗುತ್ತದೆ. ಆದರೆ ಪರಿಸರ ವಿಜ್ಞಾನದ ಪ್ರಶ್ನೆಗೆ ಅಡಿಕೆ ತೋಟ, ಅಕೇಶಿಯಾ ನೆಡುತೋಪು, ಸೊಪ್ಪಿನ ಬೆಟ್ಟ (ತೋಟಕ್ಕೆ ಸೊಪ್ಪು ತರುವ ಕಾಡು) ಮತ್ತು ನಿತ್ಯಹರಿದ್ವರ್ಣ ಕಾಡು ಒಂದೇ ಅಲ್ಲ. ಉಪಗ್ರಹ ಚಿತ್ರದಲ್ಲಿ ಹಸಿರಿನ ಪ್ರಮಾಣವನ್ನು ಸೂಚಿಸುವ ಎನ್‌ಡಿವಿಐ ಒಂದರಿಂದಲೇ ಇವನ್ನು ಬೇರ್ಪಡಿಸಲಾಗದು. ಬಂಡೀಪುರದಂಥ ಎಲೆ ಉದುರುವ ಕಾಡಿನಲ್ಲಂತೂ ನವೆಂಬರಿನ ಚಿತ್ರವನ್ನು ಮಾರ್ಚಿನ ಚಿತ್ರದೊಂದಿಗೆ ಹೋಲಿಸಿ ಕಾಡು ನಾಶವಾಯಿತೆಂದು ಬರೆಯುವುದು ಅಕ್ಷಮ್ಯ. ಮಳೆಗಾಲದ ಮೋಡಕ್ಕೆ ಮೋಡವನ್ನು ತೂರಿ ನೋಡಬಲ್ಲ ಸೆಂಟಿನೆಲ್-1 ಉಪಗ್ರಹದ ರೇಡಾರ್ ನೆರವಾಗುತ್ತದೆ, ಕಡಿದಾದ ಘಟ್ಟದ ಇಳಿಜಾರುಗಳಲ್ಲಿ ಮಾತ್ರ ಅದನ್ನೂ ಎಚ್ಚರದಿಂದ ಓದಬೇಕು.

ಆದ್ದರಿಂದ ಮೊದಲು ಕಾಡಿನಲ್ಲಿ ಪ್ಲಾಟ್ (ಮರಗಳನ್ನು ಅಳೆಯಲು ಗುರುತಿಸಿದ ಜಾಗ) ಹಾಕುವವರೊಂದಿಗೆ ಒಂದು ಋತುವಾದರೂ ನಡೆಯಿರಿ. ನಮ್ಮಲ್ಲಿ ಮರದ ಸುತ್ತಳತೆಯನ್ನು ಬರೆದುಕೊಳ್ಳುವ ರೂಢಿಯಿದೆ, ಮರದ ಜೀವರಾಶಿಯನ್ನು (ಒಣ ತೂಕವನ್ನು) ಅಂದಾಜಿಸುವ ಸೂತ್ರಗಳು ಹೆಚ್ಚಾಗಿ ವ್ಯಾಸವನ್ನು ಕೇಳುತ್ತವೆ. ವ್ಯಾಸದ ಘಾತ 2.5 ಇರುವ ಸೂತ್ರಕ್ಕೆ ಸುತ್ತಳತೆಯನ್ನೇ ಕೊಟ್ಟರೆ ಉತ್ತರ 17 ಪಟ್ಟಿಗೂ ಮೀರಿ ಉಬ್ಬುತ್ತದೆ, ಕೋಡ್ ಯಾವ ಎರರ್ ಸಂದೇಶವನ್ನೂ ತೋರಿಸುವುದಿಲ್ಲ. ಎದೆಮಟ್ಟವೆಂದು ನೆಲದಿಂದ 1.37 ಮೀಟರಿನಲ್ಲಿ ಅಳೆದಿದ್ದಾರೆಯೋ 1.3 ಮೀಟರಿನಲ್ಲೋ ಎಂಬುದನ್ನೂ ಕೇಳಿಕೊಳ್ಳಿ. ಭಾರತೀಯ ವಿಜ್ಞಾನ ಸಂಸ್ಥೆಯವರು 1988ರಿಂದ ಮುದುಮಲೈಯ 50 ಹೆಕ್ಟೇರ್ ಪ್ಲಾಟಿನಲ್ಲಿ ಮರಗಳನ್ನು ಒಂದೊಂದಾಗಿ ಗುರುತಿಸಿ ಮತ್ತೆ ಮತ್ತೆ ಅಳೆಯುತ್ತ ಬಂದಿದ್ದಾರೆ. ಅಂಥ ದತ್ತಾಂಶದಲ್ಲಿ ಹಿಂದಿನ ಅಳತೆಗಿಂತ ಕುಗ್ಗಿದ ಮರ, ಬದಲಾದ ಪ್ರಭೇದದ ಹೆಸರು, ಕಳೆದುಹೋದ ಟ್ಯಾಗ್ ಇವನ್ನು ಪತ್ತೆಹಚ್ಚುವ ಸ್ಕ್ರಿಪ್ಟ್ ಬರೆಯಬಲ್ಲವರಿಗೆ ಈ ಕ್ಷೇತ್ರದಲ್ಲಿ ನಿಜವಾದ ಬೆಲೆಯಿದೆ.

ದುಬಾರಿ ಲೈಸೆನ್ಸಿಗೆ ಹಣ ಹಾಕಬೇಡಿ, ಉಚಿತ ನಕ್ಷೆ ತಂತ್ರಾಂಶ ಕ್ಯೂಜಿಐಎಸ್ ಮತ್ತು ಆರ್‌ನ ಟೆರ್ರಾ ಪ್ಯಾಕೇಜ್ ಸಾಕು. ದಟ್ಟ ಕಾಡಿನೊಳಗೆ ಫೋನಿನ ಜಿಪಿಎಸ್ ನಂಬುವುದಕ್ಕಿಂತ ಹಳೆಯ ಗಾರ್ಮಿನ್ ಜಿಪಿಎಸ್ ಸಾಧನವೇ ಮೇಲೆಂಬುದು ನನ್ನ ಅಭಿಪ್ರಾಯ, ಅದರಲ್ಲೂ ಹಲವು ಬಾರಿ ಅಳೆದು ಪಡೆದ ಸರಾಸರಿ ಬಿಂದುವನ್ನೇ ಉಳಿಸಿಕೊಳ್ಳಿ. ವಿಸ್ತೀರ್ಣವನ್ನು ಡಿಗ್ರಿಗಳಲ್ಲಿ ಲೆಕ್ಕ ಹಾಕಬೇಡಿ: ಮೀಟರಿನಲ್ಲಿ ಅಳೆಯುವ ಯುಟಿಎಂ ನಕ್ಷಾ ಪದ್ಧತಿ ಬಳಸಿ, ಶಿರಸಿಗೆ ಅದರ ವಲಯ 43 ಸರಿ, ಕೋಲಾರಕ್ಕೆ ಹೋದರೆ 44 ಬೇಕಾಗುತ್ತದೆ.